ಬಯೋಸ್ ಬರೆದ ಮೇಷ್ಟ್ರು

ಲ್ಯಾಬ್ ಎಕ್ಸಾಮ್‌ಗೆ ಎರಡೇ ದಿನ ಇದ್ದಾಗ ನಮ್ಮ ರೂಮಿನಲ್ಲಿ ಒಂದು ಲ್ಯಾಪ್‌ಟಾಪ್ ಮಲಗಿಬಿಡ್ತು. ರಾತ್ರಿ ಅಪ್‌ಡೇಟ್ ಹಾಕಿ ನಿದ್ದೆ ಹೊಡೆದಿದ್ವಿ. ಬ್ಯಾಟರಿ ಮೊದಲೇ ವೀಕು, ನಡುವೆ ಕರೆಂಟ್ ಹೋಯ್ತು. ಬೆಳಿಗ್ಗೆ ಆನ್ ಮಾಡಿದರೆ ಲೋಗೋ, ಆಮೇಲೆ ಕಪ್ಪು ಪರದೆ, ಮತ್ತೆ ಲೋಗೋ. ರೆಕಾರ್ಡಿಗೆ ಬೇಕಾದ ಪ್ರೋಗ್ರಾಂಗಳೆಲ್ಲ ಅದರೊಳಗೇ ಇದ್ದವು. ಎಫ್2 ಒತ್ತಿ ನೋಡಿದಾಗ ಬಯೋಸ್ ಪರದೆ ಬಂತು, ಎಸ್‌ಎಸ್‌ಡಿ ಹೆಸರೂ ಕಾಣಿಸ್ತು. ಆಗ ಸ್ವಲ್ಪ ಉಸಿರು ಬಂತು. ಕೆಟ್ಟಿದ್ದು ಆಪರೇಟಿಂಗ್ ಸಿಸ್ಟಂ ಮಾತ್ರ, ಮೆಷಿನ್ ಬದುಕಿದೆ ಅಂತ ಅರ್ಥ.

ಈ ಬಯೋಸ್ ಅನ್ನೋ ಪದ ಯಾರದ್ದು ಅಂತ ಹುಡುಕಿದ್ದು ಎಕ್ಸಾಮ್ ಮುಗಿದ ಮೇಲೆ. ಸಿಕ್ಕಿದ ಹೆಸರು ಗ್ಯಾರಿ ಕಿಲ್ಡಾಲ್. ಬಿಲ್ ಗೇಟ್ಸ್ ಯಾರು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಿಲ್ಡಾಲ್ ಕಥೆಯನ್ನ ಮಾತ್ರ ನಮಗೆ ಯಾವ ಕ್ಲಾಸಿನಲ್ಲೂ ಯಾರೂ ಹೇಳಿರಲಿಲ್ಲ.

ಅವರು ಹುಟ್ಟಿದ್ದು 1942ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಮನೆಯವರದ್ದು ಹಡಗು ನಡೆಸೋದನ್ನ ಕಲಿಸುವ ಶಾಲೆ. ಗಣಿತದ ಮೇಷ್ಟ್ರಾಗಬೇಕು ಅಂತ ವಾಷಿಂಗ್ಟನ್ ಯೂನಿವರ್ಸಿಟಿ ಸೇರಿದವರು ಕಂಪ್ಯೂಟರ್ ಕಡೆ ವಾಲಿ, 1972ರಲ್ಲಿ ಪಿಎಚ್‌ಡಿ ಮುಗಿಸಿದರು. ನೌಕಾಪಡೆಯ ಸೇವೆಯ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲಿನಲ್ಲಿ ಪಾಠ ಮಾಡೋ ಕೆಲಸ ಸಿಕ್ಕಿತ್ತು. ಅಂದ್ರೆ ಮೇಷ್ಟ್ರು ಆಗಿಯೇಬಿಟ್ಟರು.

ಇಂಟೆಲ್‌ನ 4004 ಚಿಪ್ ಬಂದಾಗ ಅದನ್ನ ತರಿಸಿಕೊಂಡು ಪ್ರೋಗ್ರಾಂ ಬರೆಯೋಕೆ ಕೂತರು. ದಿಕ್ಕು ಲೆಕ್ಕ ಹಾಕುವ ಒಂದು ಯಂತ್ರ ಆಗಬೇಕು ಅಂತ ಅಪ್ಪನಿಗೆ ಆಸೆ ಇತ್ತು, ಅದಕ್ಕಾಗಿ ಸೈನ್, ಕೊಸೈನ್ ಲೆಕ್ಕಗಳನ್ನ ಆ ಪುಟ್ಟ ಚಿಪ್ಪಿಗೆ ಕಲಿಸಿದರು. ಆಮೇಲೆ ಇಂಟೆಲ್‌ಗೇ ಕನ್ಸಲ್ಟೆಂಟ್ ಆಗಿ ಪಿಎಲ್/ಎಂ ಅನ್ನೋ ಭಾಷೆ ಮಾಡಿಕೊಟ್ಟರು. ಹೀಗಿರುವಾಗ ಒಂದು ಫ್ಲಾಪಿ ಡ್ರೈವ್ ಕೈಗೆ ಬಂತು. ಅದನ್ನ ಚಿಪ್ಪಿಗೆ ಜೋಡಿಸೋ ಕಂಟ್ರೋಲರ್ ಬೋರ್ಡ್ ಮಾಡೋಕೆ ತಾವೇ ಹೋಗಿ ಸೋತರು. ಸರ್ಕ್ಯೂಟ್ ಲ್ಯಾಬಿನಲ್ಲಿ ನಮ್ಮ ಗತಿಯೂ ಅದೇ, ಹಾಗಾಗಿ ಈ ವಿಷಯ ಓದಿ ನಮಗೆ ಸಮಾಧಾನವೇ ಆಯ್ತು. ಕೊನೆಗೆ ಜಾನ್ ಟೊರೋಡ್ ಅನ್ನೋ ಗೆಳೆಯರು ಬೋರ್ಡ್ ಮಾಡಿಕೊಟ್ಟರು. 1974ರಲ್ಲಿ ಸಿಪಿ/ಎಂ ಓಡಿತು. ಇಂಟೆಲ್‌ಗೆ ಅದು ಬೇಡವಾಯ್ತು. ಗ್ಯಾರಿ ಮತ್ತು ಹೆಂಡತಿ ಡೊರೊತಿ ಸೇರಿ ಪೆಸಿಫಿಕ್ ಗ್ರೋವ್ ಅನ್ನೋ ಊರಿನಲ್ಲಿ ತಮ್ಮದೇ ಕಂಪನಿ ಶುರು ಮಾಡಿದರು. ಮುಂದೆ ಅದರ ಹೆಸರು ಡಿಜಿಟಲ್ ರಿಸರ್ಚ್ ಆಯ್ತು.

ನಮ್ಮ ಲ್ಯಾಪ್‌ಟಾಪಿಗೆ ಸಂಬಂಧಪಟ್ಟ ಭಾಗ ಇಲ್ಲಿಂದ. ಆಗ ಒಬ್ಬೊಬ್ಬ ತಯಾರಕರ ಡಿಸ್ಕ್, ಕೀಬೋರ್ಡ್, ಟರ್ಮಿನಲ್ ಒಂದೊಂದು ಥರ. ಪ್ರತಿ ಮೆಷಿನ್‌ಗೂ ಇಡೀ ಸಿಸ್ಟಂ ತಿದ್ದಬೇಕು ಅಂದ್ರೆ ಯಾರಿಗಾದರೂ ತಲೆ ಕೆಡುತ್ತೆ. ಇಮ್ಸಾಯ್ ಕಂಪನಿಯ ಮೆಷಿನ್‌ಗೆ ಅಳವಡಿಸೋ ಹೊತ್ತಿಗೆ ಗ್ಯಾರಿ ಒಂದು ಗೆರೆ ಎಳೆದರು. ಹಾರ್ಡ್‌ವೇರ್ ಜೊತೆ ನೇರವಾಗಿ ಮಾತಾಡುವ ಚಿಕ್ಕ ಕೋಡನ್ನೆಲ್ಲ ಒಂದು ಮೂಲೆಗೆ ಸೇರಿಸಿ ಅದಕ್ಕೆ ಬಯೋಸ್ ಅಂತ ಹೆಸರಿಟ್ಟರು. ಮಿಕ್ಕ ಸಿಸ್ಟಂ ಎಲ್ಲಾ ಮೆಷಿನ್‌ನಲ್ಲೂ ಒಂದೇ, ಹೊಸ ಮೆಷಿನ್ ಬಂದರೆ ಬಯೋಸ್ ಮಾತ್ರ ಬರೆದುಕೊಂಡರೆ ಸಾಕು. 1977ರಲ್ಲಿ ಇಮ್ಸಾಯ್ 25,000 ಡಾಲರ್ ಕೊಟ್ಟು ಲೈಸೆನ್ಸ್ ತಗೊಂಡಿತು.

ಸಿಪಿ/ಎಂ ಕಾಲದಲ್ಲಿ ಈ ಬಯೋಸ್ ಕೂಡ ಫ್ಲಾಪಿಯ ಮೊದಲ ಟ್ರ್ಯಾಕ್‌ಗಳಲ್ಲೇ ಇರುತ್ತಿತ್ತು. ಆ ಟ್ರ್ಯಾಕ್ ಹಾಳಾದರೆ ಮೆಷಿನ್ ಏಳೋದಿಲ್ಲ. ಬೇರೆ ಒಳ್ಳೆ ಡಿಸ್ಕ್ ಹಾಕಿ ಬೂಟ್ ಮಾಡಿ, ಸಿಸ್‌ಜೆನ್ ಕಮಾಂಡ್ ಕೊಟ್ಟು ಸಿಸ್ಟಂ ಟ್ರ್ಯಾಕ್‌ಗಳನ್ನಷ್ಟೇ ಮತ್ತೆ ಬರೆಯಬೇಕು. ಫೈಲ್‌ಗಳಿಗೆ ಏನೂ ಆಗೋದಿಲ್ಲ. ನಾವು ಹಾಸ್ಟೆಲ್‌ನಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದೇ. ಪಕ್ಕದ ರೂಮಿನ ಲ್ಯಾಪ್‌ಟಾಪಿನಲ್ಲಿ ಉಬುಂಟು ಪೆನ್‌ಡ್ರೈವ್ ಮಾಡಿ, ಅದರಿಂದ ಬೂಟ್ ಮಾಡಿ, ಮೊದಲು ಫೈಲ್‌ಗಳನ್ನ ಆಚೆ ತೆಗೆದ್ವಿ. ಆಮೇಲೆ ಇನ್‌ಸ್ಟಾಲೇಷನ್ ಪೆನ್‌ಡ್ರೈವ್ ಹಾಕಿ ಬೂಟ್ ಫೈಲ್‌ಗಳನ್ನ ಮತ್ತೆ ಬರೆಸಿದ್ವಿ. (ಫೈಲ್ ತೆಗೆಯೋ ಮೊದಲೇ ಫಾರ್ಮ್ಯಾಟ್ ಮಾಡೋಣ ಅಂದವರೂ ನಮ್ಮಲ್ಲಿದ್ದರು. ಹೆಸರು ಬೇಡ.)

1980ರಲ್ಲಿ ಐಬಿಎಂ ತನ್ನ ಹೊಸ ಪಿಸಿಗೆ ಆಪರೇಟಿಂಗ್ ಸಿಸ್ಟಂ ಹುಡುಕಿಕೊಂಡು ಪೆಸಿಫಿಕ್ ಗ್ರೋವ್‌ಗೆ ಬಂತು. ಅವತ್ತು ಗ್ಯಾರಿ ವಿಮಾನ ಹಾರಿಸೋ ಮೋಜಿಗೆ ಹೋಗಿದ್ದರಂತೆ, ಅದಕ್ಕೇ ಕೋಟಿಗಟ್ಟಲೆ ಕಳಕೊಂಡರಂತೆ ಅನ್ನೋದು ಇವತ್ತಿಗೂ ಓಡಾಡುವ ಕಥೆ. ಇದು ಅನ್ಯಾಯದ ಮಾತು ಅಂತ ನಮಗನ್ನಿಸುತ್ತೆ. ವಿಮಾನ ಓಡಿಸಿದ್ದು ನಿಜ, ಆದರೆ ಹೋಗಿದ್ದು ಒಬ್ಬ ಗ್ರಾಹಕರನ್ನ ನೋಡೋಕೆ, ಮಧ್ಯಾಹ್ನಕ್ಕೆ ವಾಪಸ್ಸೂ ಬಂದರು. ಮಾತುಕತೆ ಸಿಕ್ಕಿಬಿದ್ದಿದ್ದು ಐಬಿಎಂ ಮುಂದಿಟ್ಟ ಗೌಪ್ಯತೆಯ ಒಪ್ಪಂದದಲ್ಲಿ. ಡೊರೊತಿ ಅದಕ್ಕೆ ಸಹಿ ಹಾಕೋಕೆ ಹಿಂಜರಿದರು. ಆಮೇಲೆ ಏನಾಯ್ತು ಅನ್ನೋದನ್ನ ಐಬಿಎಂನವರು ಒಂದು ಥರ ಹೇಳ್ತಾರೆ, ಗ್ಯಾರಿ ಇನ್ನೊಂದು ಥರ ಹೇಳಿದ್ದಾರೆ. ಒಟ್ಟಿನಲ್ಲಿ ಅವಕಾಶ ಮೈಕ್ರೋಸಾಫ್ಟ್‌ಗೆ ಹೋಯ್ತು. ಸಿಪಿ/ಎಂ ಮಾದರಿಯಲ್ಲೇ ಟಿಮ್ ಪ್ಯಾಟರ್ಸನ್ ಬರೆದಿದ್ದ ಒಂದು ಸಿಸ್ಟಂ ಅನ್ನು ಅವರು ಕೊಂಡುಕೊಂಡು ಐಬಿಎಂಗೆ ಕೊಟ್ಟರು. ಗ್ಯಾರಿ ತಕರಾರು ತೆಗೆದಾಗ ಐಬಿಎಂ ಸಿಪಿ/ಎಂ-86 ಅನ್ನೂ ಮಾರೋಕೆ ಒಪ್ಪಿತು. ಬೆಲೆ ಇಟ್ಟಿದ್ದು 240 ಡಾಲರ್. ಪಕ್ಕದಲ್ಲಿ ಪಿಸಿ ಡಾಸ್ 40 ಡಾಲರ್. ಯಾರು ಯಾವುದು ತಗೋತಾರೆ ಅಂತ ಹೇಳಬೇಕಾಗಿಲ್ಲ.

ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮ ನಡೆಸಿಕೊಟ್ಟರು, 1985ರಲ್ಲೇ ಒಂದು ಎನ್‌ಸೈಕ್ಲೋಪೀಡಿಯಾವನ್ನ ಸಿಡಿಯಲ್ಲಿ ತಂದರು. 1991ರಲ್ಲಿ ಡಿಜಿಟಲ್ ರಿಸರ್ಚ್ ಅನ್ನು ನೋವೆಲ್ ಕೊಂಡುಕೊಂಡಿತು. ದುಡ್ಡಿಗೆ ಕೊರತೆ ಇರಲಿಲ್ಲ. ಆದರೆ 1992ರಲ್ಲಿ ಅವರು ಓದಿದ ಡಿಪಾರ್ಟ್‌ಮೆಂಟಿನ ಬೆಳ್ಳಿಹಬ್ಬಕ್ಕೆ ಮುಖ್ಯ ಭಾಷಣಕಾರರಾಗಿ ಕರೆದದ್ದು ಗೇಟ್ಸ್‌ರನ್ನ. ಅಲ್ಲೇ ಪಿಎಚ್‌ಡಿ ಮಾಡಿದವರು ಕೆಳಗೆ ಸಭಿಕರ ಸಾಲಿನಲ್ಲಿ. ಆ ನೋವಿಗೇ ಆತ್ಮಕಥೆ ಬರೆಯೋಕೆ ಕೂತರು. ಮನೆಯವರಿಗೆ, ಕೆಲವು ಸ್ನೇಹಿತರಿಗೆ ಮಾತ್ರ ಪ್ರತಿ ಕೊಟ್ಟರು. ಕೊನೆಯ ವರ್ಷಗಳಲ್ಲಿ ಕುಡಿತ ಹೆಚ್ಚಾಗಿತ್ತು. 1994ರ ಜುಲೈನಲ್ಲಿ ಮಾಂಟೆರೆಯ ಒಂದು ಬಾರಿನಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನದ ಮೇಲೆ ತೀರಿಕೊಂಡರು. ಆಗ ವಯಸ್ಸು 52.

ಈಗಿನ ಮೆಷಿನ್‌ಗಳಲ್ಲಿ ಬಯೋಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಆದರೂ ರಿಪೇರಿ ಅಂಗಡಿಯವರಿಂದ ಹಿಡಿದು ನಮ್ಮ ಲ್ಯಾಬ್ ಅಸಿಸ್ಟೆಂಟ್ ಸರ್‌ವರೆಗೂ ಎಲ್ಲರ ಬಾಯಲ್ಲೂ ಹಳೇ ಹೆಸರೇ. ಆತ್ಮಕಥೆಯ ಮೊದಲ ಭಾಗವನ್ನ 2016ರಲ್ಲಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಉಚಿತವಾಗಿ ಬಿಟ್ಟಿದೆ. ಉಬುಂಟು ಪೆನ್‌ಡ್ರೈವ್ ಈಗ ಕ್ಲಬ್ ರೂಮಿನ ಡ್ರಾಯರ್‌ನಲ್ಲಿದೆ, ಯಾರದ್ದಾದರೂ ಮೆಷಿನ್ ಏಳದಿದ್ದರೆ ಬಂದು ತಗೊಂಡು ಹೋಗಿ. ವಾಪಸ್ ಮಾತ್ರ ತಂದಿಡಿ.