ಸಂಖ್ಯಾಶಾಸ್ತ್ರದ ಗುರು ಮಹಲನೋಬಿಸ್

ಸಂಖ್ಯಾಶಾಸ್ತ್ರದ ಮೊದಲ ಪಾಠಕ್ಕೆ ಅಂಜುವ ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಕನ್ನಡ ವಿದ್ಯಾರ್ಥಿಗಳು ಪ್ರಶಾಂತಚಂದ್ರ ಮಹಲನೋಬಿಸರ ಬದುಕನ್ನು ಅರಿಯಬೇಕು. 1893ರ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದ ಅವರು ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ ಮತ್ತು ಭೌತವಿಜ್ಞಾನ. 1915ರಲ್ಲಿ ಸ್ವದೇಶಕ್ಕೆ ಮರಳುವಾಗ, ಗುರುಗಳೊಬ್ಬರು ತೋರಿಸಿದ್ದ ‘ಬಯೊಮೆಟ್ರಿಕ’ ಪತ್ರಿಕೆಯ ಸಂಪುಟಗಳನ್ನು ಕೊಂಡು ತಂದು, ಹಡಗಿನಲ್ಲಿಯೇ ಓದತೊಡಗಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಲೇ ಈ ಶಾಸ್ತ್ರವನ್ನು ಸ್ವಂತ ಶ್ರಮದಿಂದ ಕರಗತ ಮಾಡಿಕೊಂಡು, 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಎಲ್ಲ ಹೊಲಗಳನ್ನೂ ಅಳೆಯದೆ, ಆಯ್ದ ಕೆಲವನ್ನಷ್ಟೇ ಅಳೆದು ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜಿಸುವ ಬಗೆಯನ್ನು ತೋರಿದರು. 1941ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಸ್ನಾತಕೋತ್ತರ ತರಗತಿ ಆರಂಭವಾಯಿತು. ಅದರ ಮೊದಲ ತಂಡದಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಇದ್ದರು. ತಮಗೆ ದೊರೆಯದ ತರಗತಿಯನ್ನು ಮುಂದಿನವರಿಗೆ ದೊರಕಿಸಿ, ಮಹಲನೋಬಿಸರು 1972ರಲ್ಲಿ ತೀರಿಕೊಂಡರು.