ಸವಣೂರಿನ ಇಂಗ್ಲಿಷ್ ಪ್ರಾಧ್ಯಾಪಕ, ಕನ್ನಡದ ವರದಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯ ದಕ್ಷಿಣದ ಸೆರಗಾಗಿದ್ದವು. ಅನಂತರ ಹಾವೇರಿ ಜಿಲ್ಲೆಗೆ ಸೇರಿದವು. ಕಂದಾಯ ಇಲಾಖೆಯ ನೌಕರಿಯ ಹಲವು ವರ್ಷಗಳನ್ನು ನಾನು ಈ ಸೀಮೆಯಲ್ಲಿ ಕಳೆದಿದ್ದೇನೆ. ಶಿಗ್ಗಾವಿಯವರಿಗೆ ಬಾಡದ ಕನಕದಾಸರೂ ಶಿಶುನಾಳದ ಷರೀಫರೂ ಇದ್ದಾರೆ. ಹಿರೇಕೆರೂರಿನವರು ಸರ್ವಜ್ಞ ನಮ್ಮವನೆನ್ನುತ್ತಾರೆ. ಹಾನಗಲ್ಲಿಗೆ ತಾರಕೇಶ್ವರ ಗುಡಿಯ ಹೆಮ್ಮೆ. ಸವಣೂರಿನ ಮಾತೆತ್ತಿದರೆ ಮಾತ್ರ ಜನ ಮೊದಲು ಹೇಳುವುದು ಖಾರ, ವೀಳ್ಯದೆಲೆ, ನವಾಬರು ಮತ್ತು ಆ ಮೂರು ದೊಡ್ಡಹುಣಸೆ ಮರಗಳು. ವಿನಾಯಕ ಕೃಷ್ಣ ಗೋಕಾಕರ ಹೆಸರು ಬರುವುದು ಇವೆಲ್ಲ ಮುಗಿದ ಮೇಲೆ, ಅದೂ ಒಂದು ಚಳವಳಿಯ ಹೆಸರಾಗಿ. ಆ ಹೆಸರಿನ ಹಿಂದೆ ಒಬ್ಬ ಕಾದಂಬರಿಕಾರ, ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಇದ್ದನೆಂಬುದು ಮಸುಕಾಗಿದೆ.

ಅವರು ಹುಟ್ಟಿದ್ದು 1909ರ ಆಗಸ್ಟ್ 9ರಂದು. ಸವಣೂರು ಆಗ ಸಂಸ್ಥಾನ. ನವಾಬರ ಹೆಸರು ಹೊತ್ತ ಮಜೀದ್ ಪ್ರೌಢಶಾಲೆಯಲ್ಲಿ ಓದಿ ಧಾರವಾಡದ ಕರ್ನಾಟಕ ಕಾಲೇಜು ಸೇರಿದರು. ಅಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಅವರನ್ನು ಕನ್ನಡಕ್ಕೆ ಎಳೆದುಕೊಂಡಿತು. ಕಲಿತದ್ದೂ ಮುಂದೆ ಕಲಿಸಿದ್ದೂ ಇಂಗ್ಲಿಷ್. ಬರೆಯಲು ಕುಳಿತಾಗ ಕನ್ನಡ. ಈ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿ ಜೀವನಪರ್ಯಂತ ಉತ್ತವರು ಅವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಆಕ್ಸ್‌ಫರ್ಡಿಗೆ ಹೋಗಿ ಪ್ರಥಮ ವರ್ಗದಲ್ಲಿ ಉತ್ತೀರ್ಣರಾಗಿ, 1938ರಲ್ಲಿ ಹಿಂದಿರುಗಿ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಿನ್ಸಿಪಾಲರಾದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಆ ಕಡಲ ಪಯಣದ ಫಲ 1940ರ 'ಸಮುದ್ರ ಗೀತೆಗಳು'.

ಮುಂದಿನ ಹುದ್ದೆಗಳ ಪಟ್ಟಿ ಸೇವಾ ಪುಸ್ತಕದಂತೆ ಉದ್ದವಾಗಿದೆ. ಕೊಲ್ಹಾಪುರದ ರಾಜಾರಾಮ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1966ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಪದವಿ, ಆಮೇಲೆ ಸಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ. ನಡುವೆ 1958ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1960ರಲ್ಲಿ 'ದ್ಯಾವಾ ಪೃಥಿವೀ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಇಷ್ಟು ಕುರ್ಚಿಗಳಲ್ಲಿ ಕುಳಿತವರು ಬರೆದದ್ದಾದರೂ ಯಾವಾಗ ಎಂದು, ದಿನಕ್ಕೆ ಐವತ್ತು ಕಡತ ನೋಡಿ ದಣಿಯುತ್ತಿದ್ದ ನನಗೆ ಅನೇಕ ಸಲ ಅನ್ನಿಸಿದೆ.

ಅವರ 'ಸಮರಸವೇ ಜೀವನ' ಕಾದಂಬರಿಯ ಮೊದಲ ಭಾಗ 'ಇಜ್ಜೋಡು' ಮೂವತ್ತರ ದಶಕದ್ದು. ಪೂರ್ಣರೂಪದಲ್ಲಿ ಅದು ಹೊರಬಂದದ್ದು 1956ರಲ್ಲಿ, ಸಾವಿರ ಪುಟಗಳನ್ನು ಮೀರಿದ ಗಾತ್ರದಲ್ಲಿ. ಹೊಂದಿಕೆಯಾಗದ ಜೋಡಿಗಳ ಸಂಸಾರ, ಓದಿದ ತರುಣರ ಆದರ್ಶ, ಉತ್ತರ ಕರ್ನಾಟಕದ ಮಧ್ಯಮ ವರ್ಗದ ಮನೆಗಳ ಒಳಜಗಳ ಅದರ ವಸ್ತು. ಪಾತ್ರಗಳು ಅತಿಯಾಗಿ ಚರ್ಚಿಸುತ್ತವೆ; ಪ್ರಾಧ್ಯಾಪಕ ಆಗಾಗ ಕಾದಂಬರಿಕಾರನ ಕೈಯಿಂದ ಲೇಖನಿ ಕಸಿದುಕೊಳ್ಳುತ್ತಾನೆ. ಆದರೆ ನಮ್ಮ ಸೀಮೆಯ ಮನೆಯೊಳಗಿನ ಮಾತು, ಹಿರಿಯರ ಹಟ, ಸೊಸೆಯಂದಿರ ಮೌನ ಅಷ್ಟು ವಿಸ್ತಾರವಾಗಿ ದಾಖಲಾದದ್ದು ಅಪರೂಪ. ಕವಿತೆಯಲ್ಲೂ ಅವರದು ಇಂಥದೇ ಸ್ಥಿತಿ. 1950ರ ಸುಮಾರಿಗೆ 'ನವ್ಯ' ಎಂಬ ಹೆಸರನ್ನೂ ಹೊಸ ಛಂದಸ್ಸನ್ನೂ ಕನ್ನಡಕ್ಕೆ ಕೊಟ್ಟವರು ಅವರೇ. ಆ ಹಾದಿಯಲ್ಲಿ ಅಡಿಗರು ಬಹಳ ಮುಂದೆ, ಬೇರೆಯೇ ದಿಕ್ಕಿಗೆ ಸಾಗಿದರು. ಅರವಿಂದರ ಪ್ರಭಾವದಲ್ಲಿದ್ದ ಗೋಕಾಕರಿಗೆ ಆ ಕಹಿ ಒಗ್ಗಲಿಲ್ಲ.

ಇನ್ನು ವರದಿಯ ಸಂಗತಿ. ಆಗ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡ ಹುಡುಗ ಕನ್ನಡದ ಪರೀಕ್ಷೆಯನ್ನೇ ಬರೆಯದೆ ಎಸ್ಸೆಸ್ಸೆಲ್ಸಿ ಮುಗಿಸಬಹುದಿತ್ತು. ಸಂಸ್ಕೃತದಲ್ಲಿ ಅಂಕ ಸುಲಭವೆಂಬ ಮಾತಿತ್ತು. ಅರ್ಥಶಾಸ್ತ್ರ ಓದಿದವನಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ; ಕಡಿಮೆ ಶ್ರಮಕ್ಕೆ ಹೆಚ್ಚು ಅಂಕ ಸಿಗುವ ಅಂಗಡಿಗೇ ಗಿರಾಕಿ ಹೋಗುತ್ತಾನೆ. 1980ರ ಜುಲೈಯಲ್ಲಿ ಸರಕಾರ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಬದುಕಿಡೀ ಇಂಗ್ಲಿಷ್ ಕಲಿಸಿದವರು ಕನ್ನಡದ ಪರವಾಗಿ ಎಷ್ಟು ದೂರ ಹೋದಾರು ಎಂಬ ಶಂಕೆ ಹಲವರಿಗಿತ್ತು. 1981ರ ಜನವರಿಯಲ್ಲಿ ಬಂದ ವರದಿ ಅದನ್ನು ಸುಳ್ಳಾಗಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಅದು ಹೇಳಿತು. ಗೋಕಾಕರು ಭಾಷಾಭಿಮಾನದ ಭಾಷಣ ಮಾಡದೆ ಅಂಕಗಳ ಲೆಕ್ಕವನ್ನೇ ತಿದ್ದಹೊರಟರು. ಅದು ಆಡಳಿತ ಬಲ್ಲವರ ಮದ್ದು.

1982ರಲ್ಲಿ ನಾನು ಧಾರವಾಡದಲ್ಲಿ ಎಂ.ಎ. ವಿದ್ಯಾರ್ಥಿ. ಸಾಹಿತಿಗಳು ಬೀದಿಗಿಳಿದಿದ್ದರು, ಡಾ. ರಾಜಕುಮಾರ್ ಚಳವಳಿಗೆ ಧುಮುಕಿದ ಮೇಲಂತೂ ಊರೂರಿಗೆ ಬೆಂಕಿ ಹತ್ತಿತು. ನಾನೂ ಮೆರವಣಿಗೆಯಲ್ಲಿ ಕೂಗಿದೆ. ವರದಿಯ ಒಂದು ಪುಟವನ್ನೂ ಓದಿರಲಿಲ್ಲ. ಅದು ಕೈಗೆ ಬಂದದ್ದು ನೌಕರಿ ಸೇರಿ ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿಗೆ ನಾನು ಬೆಂಗಳೂರಿಗೆ ಕಳಿಸುವ ಟಿಪ್ಪಣಿಗಳನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ, ಬೇಗ ಮುಗಿಯುತ್ತದೆಂಬ ನೆಪದಿಂದ. ಹಾನಗಲ್ಲಿನ ರೈತನೊಬ್ಬ ತನ್ನ ಮೇಲ್ಮನವಿಯ ಆದೇಶ ಹಿಡಿದು ಬಂದು ಇದರಲ್ಲಿ ಏನು ಬರೆದೀರಿ ಸಾಹೇಬ್ರ ಎಂದು ಕೇಳಿದ ದಿನ ಧಾರವಾಡದ ಆ ಮೆರವಣಿಗೆ ನೆನಪಾಗಿ ತಲೆ ತಗ್ಗಿಸಿದ್ದೆ.

ಬೀದಿಗಳು ಅವರ ಹೆಸರು ಕೂಗುತ್ತಿದ್ದಾಗ ಗೋಕಾಕರು ಆಂಧ್ರದ ಪುಟ್ಟಪರ್ತಿಯಲ್ಲಿ ಸತ್ಯಸಾಯಿ ಸಂಸ್ಥೆಯ ಮೊದಲ ಕುಲಪತಿಯಾಗಿದ್ದರು. ಅವರ ಈ ಭಕ್ತಿ ಅನೇಕ ವಿಚಾರವಂತರಿಗೆ ಹಿಡಿಸಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅವರು ಕುಳಿತಿದ್ದ ಪೀಠದಲ್ಲೇ ಕುಳಿತ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ್ದರೆಂಬುದು ಇತಿಹಾಸದ ವಿನೋದ. ನನಗೆ ನರಸಿಂಹಯ್ಯನವರ ನಿಲುವೇ ಸರಿ. ಆದರೂ ಅದೇ ಗೋಕಾಕರು ಆ ದಿನಗಳಲ್ಲಿ ಸುಮಾರು 35 ಸಾವಿರ ಸಾಲುಗಳ 'ಭಾರತ ಸಿಂಧು ರಶ್ಮಿ'ಯನ್ನು ಪೂರೈಸಿದರು. 1990ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಕನ್ನಡಕ್ಕೆ ಅದು ಐದನೆಯದು. 1992ರ ಏಪ್ರಿಲ್ 28ರಂದು ಮುಂಬಯಿಯಲ್ಲಿ ತೀರಿಕೊಂಡರು.

ಕನ್ನಡವನ್ನು ಕಡ್ಡಾಯಗೊಳಿಸಿದ ಸರಕಾರಿ ಆದೇಶವನ್ನು ಹೈಕೋರ್ಟಿನ ಪೂರ್ಣಪೀಠ 1989ರಲ್ಲೇ ರದ್ದುಗೊಳಿಸಿತ್ತು. ಆ ತೀರ್ಪನ್ನು ಅವರು ಬದುಕಿದ್ದಾಗಲೇ ಕಂಡರು.

ನಿವೃತ್ತಿಯ ನಂತರ 'ಸಮರಸವೇ ಜೀವನ'ವನ್ನು ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಿಂದ ಎರವಲು ತಂದೆ. ಹಿಂಬದಿಯ ಚೀಟಿಯಲ್ಲಿ ನನಗಿಂತ ಮೊದಲು ನಾಲ್ಕು ದಿನಾಂಕಗಳಿದ್ದವು, ಕೊನೆಯದು ಹನ್ನೊಂದು ವರ್ಷ ಹಳೆಯದು. ಓದು ಮುಗಿಯಲು ಮೂರು ತಿಂಗಳು ಹಿಡಿಯಿತು. ಮರಳಿಸುವಾಗ ಕೌಂಟರಿನ ಹುಡುಗಿ ದಪ್ಪ ಪುಸ್ತಕವನ್ನು ತಿರುಗಿಸಿ ನೋಡಿ, ಇದು ಆ ಗೋಕಾಕ್ ಚಳವಳಿಯವರದಾ ಸರ್ ಎಂದಳು. ಹೌದೆಂದೆ. ಸವಣೂರಿನವರು ಎಂದೂ ಸೇರಿಸಿದೆ. ಆಕೆ ತನ್ನ ತಾಯಿಯ ಊರೂ ಸವಣೂರೇ ಎಂದು, ಪುಸ್ತಕವನ್ನು ಕಪಾಟಿಗೆ ಸೇರಿಸದೆ ತನ್ನ ಮೇಜಿನ ಮೇಲೆಯೇ ಇಟ್ಟುಕೊಂಡಳು.