ಮೇಲ್ಮೈಯ ಕಾಂತತ್ವವನ್ನು ಮೊದಲೇ ಊಹಿಸಿದ ಲೂಯಿ ನೀಲ್

1939ರ ಶರತ್ಕಾಲದಲ್ಲಿ ಜರ್ಮನಿಯು ಸಮುದ್ರತಳಕ್ಕೆ ಇಳಿಸಿದ ಕಾಂತೀಯ ಮೈನ್‌ಗಳು ಹಡಗಿನ ಸ್ಪರ್ಶಕ್ಕಾಗಿ ಕಾಯುತ್ತಿರಲಿಲ್ಲ. ಭೂಮಿಯ ಕಾಂತಕ್ಷೇತ್ರದಲ್ಲಿ ಉಕ್ಕಿನ ಹಡಗು ತಾನಾಗಿ ಕಾಂತವಾಗುತ್ತದೆ. ಅದು ಸಮೀಪಿಸಿದರೆ ಸಾಕು, ಮೈನ್ ಸಿಡಿಯುತ್ತಿತ್ತು. ಆಗ ಫ್ರೆಂಚ್ ನೌಕಾಪಡೆಯ ನೆರವಿಗೆ ಬಂದವರು ಭೌತವಿಜ್ಞಾನಿ ಲೂಯಿ ನೀಲ್. ಹಡಗಿಗೆ ವಿರುದ್ಧ ದಿಕ್ಕಿನ ಕಾಂತತ್ವವನ್ನು ಮೊದಲೇ ತುಂಬಿ, ಒಂದು ಮತ್ತೊಂದನ್ನು ಅಳಿಸುವಂತೆ ಮಾಡಿದ ಉಪಾಯ ಅವರದು.

ನೀಲ್ ಜನಿಸಿದ್ದು 1904ರ ನವೆಂಬರ್ 22ರಂದು, ಲಿಯಾನ್ ನಗರದಲ್ಲಿ. ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯರ್ ವೈಸ್ ಅವರ ಬಳಿ ಸಂಶೋಧನೆ ನಡೆಸಿ 1932ರಲ್ಲಿ ಡಾಕ್ಟರೇಟ್ ಪಡೆದರು. 1940ರಲ್ಲಿ ಫ್ರಾನ್ಸ್ ಸೋತಾಗ ಆ ನಗರಕ್ಕೆ ಮರಳುವ ದಾರಿ ಮುಚ್ಚಿತು. ಗ್ರೆನೊಬಲ್‌ನಲ್ಲಿ ನೆಲೆಸಿದ ಅವರು ಆ ಪರ್ವತನಗರವನ್ನೇ ಭೌತವಿಜ್ಞಾನದ ದೊಡ್ಡ ಕೇಂದ್ರವನ್ನಾಗಿ ಬೆಳೆಸಿದರು.

1970ರ ನೊಬೆಲ್ ಪ್ರಶಸ್ತಿಯನ್ನು ಅವರು ಹಾನ್ನೆಸ್ ಆಲ್ವೆನ್ ಜೊತೆ ಹಂಚಿಕೊಂಡರು. ನೆರೆಯ ಪರಮಾಣುಗಳ ಕಾಂತತ್ವ ಪರಸ್ಪರ ಎದುರು ದಿಕ್ಕಿಗೆ ನಿಲ್ಲುವ ವಸ್ತುಗಳ ಅಧ್ಯಯನಕ್ಕೆ ಸಂದ ಗೌರವವದು. ಆದರೆ 1954ರಲ್ಲಿ ಅವರು ಮಂಡಿಸಿದ ಇನ್ನೊಂದು ವಿಚಾರವನ್ನು ಮರೆಯುವಂತಿಲ್ಲ.

ಲೋಹದ ಒಳಗಿನ ಪರಮಾಣುವಿಗೆ ಸುತ್ತಲೂ ನೆರೆಹೊರೆ; ಮೇಲ್ಮೈಯ ಪರಮಾಣುವಿಗೆ ಒಂದು ಬದಿ ಬರಿದು. ಈ ಕೊರತೆಯಿಂದಾಗಿ ಅಲ್ಲಿನ ಕಾಂತತ್ವಕ್ಕೆ ತನ್ನದೇ ಆದ ಮೆಚ್ಚಿನ ದಿಕ್ಕು ಇರಬಲ್ಲದೆಂದು ನೀಲ್ ತರ್ಕಿಸಿದರು. ಗಟ್ಟಿ ಕಬ್ಬಿಣದಲ್ಲಿ ಇದು ಲೆಕ್ಕಕ್ಕೆ ಬಾರದು. ಹತ್ತೇ ಪದರಗಳ ಪೊರೆಯಲ್ಲಾದರೋ ಮೇಲ್ಮೈಯದೇ ಕಾರುಬಾರು. ಅಂಥ ಪೊರೆಯನ್ನು ತಯಾರಿಸುವ ವಿದ್ಯೆಯೇ ಆಗ ಕೈಗೂಡಿರಲಿಲ್ಲ. 1968ರಲ್ಲಿ ಜರ್ಮನಿಯ ಗ್ರಾಡ್‌ಮನ್ ಮತ್ತು ಮುಲ್ಲರ್, ಕೆಲವೇ ಪದರಗಳ ನಿಕಲ್-ಕಬ್ಬಿಣದ ಪೊರೆಯಲ್ಲಿ ಕಾಂತತ್ವ ಪೊರೆಗೆ ಲಂಬವಾಗಿ ನಿಲ್ಲುವುದನ್ನು ಕಂಡರು.

ಮೇಲ್ಮೈಯ ಆ ಬರಿದಾದ ಬದಿಗೆ ಹೊರಗಿನ ಪರಮಾಣುಗಳು ಬಂದು ಅಂಟಿದರೆ? 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೋಬಾಲ್ಟ್ ಪೊರೆಯ ಮೇಲೆ ಒಂದು ಪದರಕ್ಕೂ ಸಾಲದಷ್ಟು ತಾಮ್ರ ಕುಳಿತಾಗ ಕಾಂತತ್ವ 90 ಡಿಗ್ರಿ ತಿರುಗಿತು. ತಾಮ್ರದ ಮೇಲೆ ಬೆಳೆಸಿದ ನಿಕಲ್ ಪೊರೆಯ ಕಥೆ ಇನ್ನೂ ಸ್ವಾರಸ್ಯದ್ದು. ಪೊರೆ ತೆಳುವಾಗಿರುವಾಗ ಅದರ ಕಾಂತತ್ವ ಮಲಗಿರುತ್ತದೆ. ಸುಮಾರು 10 ಪದರ ದಾಟಿದ ಮೇಲೆ ಎದ್ದು ನಿಲ್ಲುತ್ತದೆ. ಮೇಲೆ ಜಲಜನಕ ಅಂಟಿದಾಗ 7 ಪದರಗಳ ಆಸುಪಾಸಿನಲ್ಲೇ ಏಳುತ್ತದೆ. ಅಂಟಿದ ಪರಮಾಣು ಮೇಲ್ಪದರದ ಎಲೆಕ್ಟ್ರಾನುಗಳೊಡನೆ ಬಂಧ ಬೆಸೆದು, ಕಾಂತತ್ವವನ್ನು ಮಲಗಿಸುವ ಮೇಲ್ಮೈಯ ಒತ್ತಡವನ್ನು ಸಡಿಲಗೊಳಿಸುತ್ತದೆ.

ನೀಲ್ 2000ದ ನವೆಂಬರ್ 17ರಂದು ಬ್ರೀವ್ ಪಟ್ಟಣದಲ್ಲಿ ನಿಧನರಾದರು. 96 ತುಂಬಲು ಐದೇ ದಿನಗಳಿದ್ದವು.